ಯಂತ್ರದಲ್ಲಿ ಹುಟ್ಟಿದ ಸಾಹಿತ್ಯ: ಅದನ್ನು ಅಭ್ಯಸಿಸುವ ಬಗೆ

ನಮ್ಮ ವಾಚನಾಲಯಕ್ಕೆ ಬರುವ ಬಂಧುಗಳಲ್ಲಿ ಬಹುಮಂದಿ ಹಗಲೆಲ್ಲ ಕಾರಖಾನೆಯಲ್ಲೋ ಕಚೇರಿಯಲ್ಲೋ ದುಡಿದು, ಸಂಜೆಯ ಒಂದು ಗಳಿಗೆಯನ್ನು ಓದಿಗೆಂದು ಉಳಿಸಿಕೊಂಡವರು. ಅವರ ಮಕ್ಕಳು ಈಗ ಪುಣೆಯ ಕಾಲೇಜುಗಳಲ್ಲಿ ಓದುತ್ತಿದ್ದಾರೆ. ಆ ಮಕ್ಕಳು ಮನೆಗೆ ಬಂದು, “ಡಿಜಿಟಲ್ ಕಥೆ, ಎಲೆಕ್ಟ್ರಾನಿಕ್ ಸಾಹಿತ್ಯ ಎಂಬ ವಿಷಯಗಳನ್ನು ವಿಶ್ವವಿದ್ಯಾನಿಲಯಗಳಲ್ಲಿ ಕಲಿಸುತ್ತಾರಂತೆ” ಎಂದು ಹೇಳಿದಾಗ ಹಿರಿಯರಿಗೆ ಎರಡು ಸಂಶಯಗಳು ಏಳುವುದು ಸಹಜ. ಇದು ಸಾಹಿತ್ಯವೋ ಅಥವಾ ಮೊಬೈಲಿನ ಆಟವೋ ಎಂಬುದು ಒಂದು. ಇದಕ್ಕಾಗಿ ಫೀಸು ಕಟ್ಟುವುದು ತಕ್ಕದ್ದೇ ಎಂಬುದು ಇನ್ನೊಂದು. ಮೂರನೆಯ ಸಂಶಯವೊಂದು ಇರುತ್ತದೆ. ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ: ಮೆಟ್ರಿಕ್ಕಿನವರೆಗೆ ಓದಿದ ನಮ್ಮಂಥವರಿಗೆ ಇದು ತಿಳಿದೀತೇ?

ತಿಳಿಯುತ್ತದೆ ಎಂಬುದೇ ನಮ್ಮ ಉತ್ತರ. ಅಷ್ಟೇ ಅಲ್ಲ, ಈ ವಿಷಯದಲ್ಲಿ ನಮ್ಮ ಪಾಲಿನ ಕೆಲಸವೊಂದು ಬಾಕಿ ಇದೆ. ಅದು ಯಾವುದೆಂಬುದನ್ನು ಈ ಪಾಠದಲ್ಲಿ ಹಂತಹಂತವಾಗಿ ನೋಡೋಣ.

೧. ಯಾವುದು ಹೌದು, ಯಾವುದು ಅಲ್ಲ

ಅಚ್ಚಾದ ಕಾದಂಬರಿಯನ್ನು ಪುಟಪುಟವಾಗಿ ಚಿತ್ರ ತೆಗೆದು ಮೊಬೈಲಿನಲ್ಲಿ ಓದಿದರೆ ಅದು ಎಲೆಕ್ಟ್ರಾನಿಕ್ ಸಾಹಿತ್ಯವಾಗುವುದಿಲ್ಲ. ಹಾಲನ್ನು ತಂಬಿಗೆಯಿಂದ ಪಾತ್ರೆಗೆ ಸುರಿದರೆ ಹಾಲು ಹಾಲೇ ಆಗಿರುತ್ತದಲ್ಲವೇ? ಅದರಂತೆಯೇ ಇದೂ. ಗಣಕಯಂತ್ರವಿಲ್ಲದೆ ಹುಟ್ಟಲಾರದ, ಕಾಗದಕ್ಕೆ ಇಳಿಸಿದೊಡನೆ ತನ್ನ ಜೀವವನ್ನೇ ಕಳೆದುಕೊಳ್ಳುವ ಕೃತಿಗೆ ಮಾತ್ರ ಈ ಹೆಸರು ಸಲ್ಲುತ್ತದೆ. ಓದುಗನು ಮುಟ್ಟಿದ ಮಾತಿನಿಂದ ಕಥೆಯ ದಾರಿ ಬದಲಾಗಬಹುದು. ಯಂತ್ರವೇ ಪ್ರತಿಸಲವೂ ಹೊಸ ವಾಕ್ಯವನ್ನು ಜೋಡಿಸಬಹುದು. ಅಕ್ಷರಗಳೇ ಪರದೆಯ ಮೇಲೆ ಚಲಿಸಬಹುದು. ಈ ಮೂರರಲ್ಲಿ ಒಂದಾದರೂ ಇರಬೇಕು.

ಇದು ನಿನ್ನೆ ಮೊನ್ನೆಯ ಹುಚ್ಚಲ್ಲ. ೧೯೫೨ರಲ್ಲಿಯೇ ಇಂಗ್ಲೆಂಡಿನ ಕ್ರಿಸ್ಟೋಫರ್ ಸ್ಟ್ರೇಚಿ ಎಂಬವರು ಮ್ಯಾಂಚೆಸ್ಟರಿನ ಗಣಕಯಂತ್ರದಿಂದ ಪ್ರೇಮಪತ್ರಗಳನ್ನು ಬರೆಯಿಸಿದರು. ವಾಕ್ಯದ ಅಚ್ಚು ಅವರದು, ಅದರೊಳಗೆ ಪದಗಳನ್ನು ಆರಿಸಿ ತುಂಬಿದ್ದು ಯಂತ್ರ. ೧೯೬೫ರಲ್ಲಿ ಅಮೆರಿಕದ ಟೆಡ್ ನೆಲ್ಸನ್ ಎಂಬವರು, ಒಂದು ಬರಹದಿಂದ ಇನ್ನೊಂದಕ್ಕೆ ಕೊಂಡಿ ಹಾಕಿ ಓದುಗನು ತನ್ನಿಚ್ಛೆಯಂತೆ ಸಂಚರಿಸಬಹುದಾದ ರಚನೆಗೆ ‘ಹೈಪರ್‌ಟೆಕ್ಸ್ಟ್’ ಎಂಬ ಹೆಸರನ್ನು ಬಳಕೆಗೆ ತಂದರು. ೧೯೮೭ರಲ್ಲಿ ಮೈಕೇಲ್ ಜಾಯ್ಸ್ ಎಂಬವರು ‘ಆಫ್ಟರ್‌ನೂನ್, ಎ ಸ್ಟೋರಿ’ ಎಂಬ ಕಥೆಯನ್ನು ಇದೇ ಕ್ರಮದಲ್ಲಿ ರಚಿಸಿದರು. ಅದರಲ್ಲಿ ೫೩೯ ತುಣುಕುಗಳೂ ಅವುಗಳ ನಡುವೆ ೯೫೧ ಕೊಂಡಿಗಳೂ ಇವೆ. ತನ್ನ ಮಗ ಅಪಘಾತದಲ್ಲಿ ತೀರಿಕೊಂಡನೋ ಏನೋ ಎಂದು ತೊಳಲುವ ತಂದೆಯ ಕಥೆ ಅದು. ಓದುಗನಿಗೂ ಒಂದೇ ನೇರ ದಾರಿ ಇಲ್ಲ. ಅವನೂ ತಂದೆಯಂತೆಯೇ ಸುತ್ತಿ ಸುತ್ತಿ ಅಲ್ಲಿಗೇ ಬರಬೇಕಾಗುತ್ತದೆ. ದಾರಿಯ ಗೊಂದಲವೇ ಇಲ್ಲಿ ದುಃಖದ ರೂಪ. ಇದನ್ನು ಅರಿತರೆ, ಆಟ ಯಾವುದು, ಸಾಹಿತ್ಯ ಯಾವುದು ಎಂಬ ಮೊದಲ ಸಂಶಯವು ಅರ್ಧ ತೀರಿದಂತೆಯೇ.

೨. ನಮಗೆ ತೀರ ಹೊಸದಲ್ಲದ ಸಂಗತಿ

ಕಾಸರಗೋಡು ಮತ್ತು ದಕ್ಷಿಣ ಕನ್ನಡದ ಕಡೆಯಿಂದ ಬಂದ ಬಂಧುಗಳಿಗೆ ತಾಳಮದ್ದಳೆಯನ್ನು ವಿವರಿಸಿ ಹೇಳಬೇಕಾಗಿಲ್ಲ. ಭಾಗವತರು ಹಾಡುವ ಪ್ರಸಂಗದ ಪದ್ಯ ನಿಶ್ಚಿತವಾದದ್ದು. ಆದರೆ ಅರ್ಥಧಾರಿಗಳು ಆಡುವ ಮಾತು ಆ ರಾತ್ರಿಯದು. ಎದುರಾಳಿಯ ಪ್ರಶ್ನೆಯಂತೆ ಅದು ತಿರುಗುತ್ತದೆ. ಶೇಣಿ ಗೋಪಾಲಕೃಷ್ಣ ಭಟ್ಟರಂಥವರ ಅರ್ಥವನ್ನು ಕೇಳಿದವರು ಅದೇ ಪ್ರಸಂಗಕ್ಕೆ ಮತ್ತೆ ಮತ್ತೆ ಹೋಗುತ್ತಿದ್ದರು. ಕಥೆ ತಿಳಿಯದೆ ಅಲ್ಲ, ಈ ಸಲ ಕಥೆ ಯಾವ ದಾರಿಯಲ್ಲಿ ನಡೆದೀತು ಎಂಬ ಕುತೂಹಲದಿಂದ.

ಇನ್ನೊಂದು ಉದಾಹರಣೆ ‘ಸಿರಿಭೂವಲಯ’. ಕುಮುದೇಂದು ಮುನಿಯ ರಚನೆಯೆಂದು ಹೇಳಲಾಗುವ ಈ ಗ್ರಂಥದಲ್ಲಿ ಅಕ್ಷರಗಳೇ ಇಲ್ಲ; ೧ರಿಂದ ೬೪ರ ವರೆಗಿನ ಅಂಕಗಳಿವೆ. ಉದ್ದಕ್ಕೆ ೨೭, ಅಡ್ಡಕ್ಕೆ ೨೭, ಒಟ್ಟು ೭೨೯ ಮನೆಗಳ ಚಕ್ರಗಳಲ್ಲಿ ಆ ಅಂಕಗಳನ್ನು ತುಂಬಿದೆ. ಒಂದೊಂದು ಅಂಕಕ್ಕೆ ಒಂದೊಂದು ಧ್ವನಿ. ಯಾವ ಮನೆಯಿಂದ ಯಾವ ಮನೆಗೆ ನಡೆಯಬೇಕೆಂಬ ಕ್ರಮಕ್ಕೆ ‘ಬಂಧ’ವೆಂದು ಹೆಸರು. ಕರ್ಲಮಂಗಲಂ ಶ್ರೀಕಂಠಯ್ಯನವರು ಸಂಪಾದಿಸಿದ ಇದರ ಭಾಗವು ೧೯೫೩ರಲ್ಲಿ ಪ್ರಕಟವಾಯಿತು. ಗ್ರಂಥದ ಕಾಲದ ವಿಷಯದಲ್ಲಿಯೂ ಅದರ ಬಗ್ಗೆ ಹೇಳುವ ದೊಡ್ಡ ದೊಡ್ಡ ಮಾತುಗಳ ವಿಷಯದಲ್ಲಿಯೂ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಆ ವಾದ ನಮಗೆ ಇಲ್ಲಿ ಬೇಡ. ಓದುವ ದಾರಿಯೂ ಕೃತಿಯ ಒಂದು ಅಂಗವೇ ಎಂಬ ಭಾವನೆ ಕನ್ನಡಕ್ಕೆ ಅಪರಿಚಿತವಲ್ಲ ಎಂದಷ್ಟು ಗ್ರಹಿಸಿದರೆ ಸಾಕು.

ಹಾಗೆಂದು, “ಇದೆಲ್ಲ ನಮ್ಮಲ್ಲಿ ಮೊದಲೇ ಇತ್ತು” ಎಂದು ಕೈಕಟ್ಟಿ ಕೂಡುವುದು ಸರಿಯಲ್ಲ. ತಾಳಮದ್ದಳೆಯಲ್ಲಿ ದಾರಿಯನ್ನು ತಿರುಗಿಸುವವರು ಅರ್ಥಧಾರಿಗಳು. ಯಂತ್ರದ ಕಥೆಯಲ್ಲಿ ಅದನ್ನು ತಿರುಗಿಸುವವನು ಒಬ್ಬನೇ ಕುಳಿತು ಓದುವ ಓದುಗ. ಎಲ್ಲಿ ತಿರುಗಬಹುದು, ಎಲ್ಲಿ ತಿರುಗಬಾರದು ಎಂಬುದನ್ನು ಲೇಖಕನು ಮೊದಲೇ ನಿಯಮವಾಗಿ ಬರೆದಿಟ್ಟಿರುತ್ತಾನೆ. ಈ ಭೇದವನ್ನು ಕೈಯಾರೆ ಮಾಡಿ ತಿಳಿಯುವುದು ಲೇಸು.

೩. ನಾಲ್ಕು ಚೀಟಿಗಳ ಕಥೆ

ಇದಕ್ಕೆ ಯಂತ್ರ ಬೇಕಿಲ್ಲ. ನಾಲ್ಕು ತುಂಡು ಕಾಗದ ಸಾಕು.

ಮೊದಲನೆಯ ಚೀಟಿ: ಇಂಡಿ ತಾಲೂಕಿನ ಹುಡುಗನೊಬ್ಬ ಬೆಳಗಿನ ಜಾವ ಸ್ವಾರ್‌ಗೇಟ್ ನಿಲ್ದಾಣದಲ್ಲಿ ಬಸ್ಸಿನಿಂದ ಇಳಿಯುತ್ತಾನೆ. ಎರಡನೆಯದು: ಊರಿನವರ ಖೋಲಿ. “ಎಂಟು ಮಂದಿ ಅದೀವಿ, ಒಂಬತ್ತನೆಯವನಾಗಿ ನೀನೂ ಇರು” ಅನ್ನುತ್ತಾರೆ. ಮೂರನೆಯದು: ಭೋಸರಿಯ ಕಾರಖಾನೆಯ ಬಾಗಿಲು. ಹೆಸರು ಬರೆದುಕೊಂಡು, ನಾಳೆಯ ಪಾಳಿಗೆ ಬಾ ಎನ್ನುತ್ತಾರೆ. ನಾಲ್ಕನೆಯದು: ಕಿಸೆಯಲ್ಲಿರುವ ಅವ್ವನ ಕಾಗದ. “ಕೆಲಸ ಸಿಗಲಿಲ್ಲಾಂದ್ರ ನಾಚಿಕಿ ಪಡಬ್ಯಾಡ, ಬಂದುಬಿಡು. ಹೊಲ ಇನ್ನೂ ನಮ್ಮದೇ ಐತಿ.”

ಮೊದಲನೆಯ ಚೀಟಿಯನ್ನು ಮೊದಲೇ ಓದಬೇಕು. ಉಳಿದ ಮೂರನ್ನು ಯಾವ ಕ್ರಮದಲ್ಲಾದರೂ ಓದಬಹುದು. ಹಾಗಾದರೆ ಎಷ್ಟು ದಾರಿಗಳಾದವು? ಎಣಿಸಿ ನೋಡಿದರೆ ಆರು. ಈಗ ಎರಡು ದಾರಿಗಳನ್ನು ಹೋಲಿಸೋಣ. ಕಾಗದವನ್ನು ಮೊದಲು ಓದಿ ಆಮೇಲೆ ಕಾರಖಾನೆಗೆ ಹೋದರೆ, ಹುಡುಗನು ಬಾಗಿಲಲ್ಲಿ ಬೆನ್ನು ನೇರ ಮಾಡಿಕೊಂಡು ನಿಲ್ಲುತ್ತಾನೆ. ಹಿಂದೆ ಒಂದು ಹೊಲವಿದೆ, ಒಬ್ಬ ತಾಯಿ ಇದ್ದಾಳೆ. ಕಾರಖಾನೆಗೆ ಮೊದಲು ಹೋಗಿ, ಕೆಲಸ ಸಿಕ್ಕಮೇಲೆ ಕಾಗದವನ್ನು ಓದಿದರೆ, ಅದೇ ಮಾತುಗಳು ಕಣ್ಣಲ್ಲಿ ನೀರು ತರಿಸುತ್ತವೆ. ಒಂದಕ್ಷರವೂ ಬದಲಾಗಲಿಲ್ಲ, ಕಥೆ ಬೇರೆಯಾಯಿತು.

ಇನ್ನು ಒಂದು ನಿಯಮ ಸೇರಿಸೋಣ: ಅವ್ವನ ಕಾಗದವನ್ನು ಓದುವ ತನಕ ಕಾರಖಾನೆಯ ಚೀಟಿಯನ್ನು ತೆರೆಯಕೂಡದು. ಆಗ ಆರು ದಾರಿಗಳಲ್ಲಿ ಮೂರು ಮಾತ್ರ ಉಳಿಯುತ್ತವೆ. ಊರನ್ನು ನೆನೆಯದೆ ಯಾರೂ ದುಡಿಮೆಯ ಬಾಗಿಲನ್ನು ದಾಟಲಾರರು ಎಂಬ ಮಾತನ್ನು ಲೇಖಕನು ಎಲ್ಲಿಯೂ ಬರೆಯದೆಯೇ ಹೇಳಿದಂತಾಯಿತು. ನಿಯಮವೂ ಒಂದು ವಾಕ್ಯವೇ. ಈ ಸೂಕ್ಷ್ಮವನ್ನು ಹಿಡಿದವನು ಎಲೆಕ್ಟ್ರಾನಿಕ್ ಸಾಹಿತ್ಯದ ಮೊದಲ ಪಾಠವನ್ನು ಮುಗಿಸಿದನೆಂದೇ ತಿಳಿಯಬೇಕು. ಇಂಥ ಚೀಟಿಗಳನ್ನು ಯಂತ್ರದಲ್ಲಿ ಜೋಡಿಸುವುದಕ್ಕೆ ‘ಟ್ವೈನ್’ ಎಂಬ ಸಾಧನವನ್ನು ಕ್ರಿಸ್ ಕ್ಲಿಮಾಸ್ ಎಂಬವರು ೨೦೦೯ರಲ್ಲಿ ಸಿದ್ಧಗೊಳಿಸಿದರು. ಅದಕ್ಕೆ ಹಣ ಕೊಡಬೇಕಾಗಿಲ್ಲ, ಕನ್ನಡದಲ್ಲಿಯೂ ಬರೆಯಬಹುದು.

೪. ವಿಶ್ವವಿದ್ಯಾನಿಲಯದಲ್ಲಿ ಕಲಿಯುವುದೇನು

ಅಮೆರಿಕದ ಬ್ರೌನ್ ವಿಶ್ವವಿದ್ಯಾನಿಲಯದಲ್ಲಿ ಕಾದಂಬರಿಕಾರ ರಾಬರ್ಟ್ ಕೂವರ್ ಅವರು ೧೯೯೦ರ ದಶಕದ ಆರಂಭದಲ್ಲಿಯೇ ಹೈಪರ್‌ಟೆಕ್ಸ್ಟ್ ಕಥೆ ಬರೆಯುವ ತರಗತಿಗಳನ್ನು ನಡೆಸಿದರು. ೧೯೯೭ರಲ್ಲಿ ನಾರ್ವೆಯ ಎಸ್ಪೆನ್ ಆರ್ಸೆತ್ ಅವರ ‘ಸೈಬರ್‌ಟೆಕ್ಸ್ಟ್’ ಎಂಬ ಶಾಸ್ತ್ರಗ್ರಂಥ ಬಂತು. ೧೯೯೯ರಲ್ಲಿ ಕೂವರ್, ಸ್ಕಾಟ್ ರೆಟ್‌ಬರ್ಗ್, ಜೆಫ್ ಬ್ಯಾಲೋ ಇವರು ಎಲೆಕ್ಟ್ರಾನಿಕ್ ಲಿಟರೇಚರ್ ಆರ್ಗನೈಜೇಶನ್ ಎಂಬ ಸಂಸ್ಥೆಯನ್ನು ಕಟ್ಟಿದರು. ಆ ಸಂಸ್ಥೆಯು ೨೦೦೬ರಲ್ಲಿ ಆಯ್ದ ಕೃತಿಗಳ ಮೊದಲ ಸಂಪುಟವನ್ನು ಯಾರಾದರೂ ಪುಕ್ಕಟೆಯಾಗಿ ನೋಡುವಂತೆ ಇಂಟರ್‌ನೆಟ್ಟಿನಲ್ಲಿ ಪ್ರಕಟಿಸಿತು. ೨೦೦೮ರಲ್ಲಿ ಕ್ಯಾಥರೀನ್ ಹೇಲ್ಸ್ ಅವರು ಈ ವಿಷಯಕ್ಕೆ ಪಠ್ಯದಂತಿರುವ ಗ್ರಂಥವನ್ನು ಬರೆದರು. ನಾರ್ವೆಯ ಬರ್ಗೆನ್ ವಿಶ್ವವಿದ್ಯಾನಿಲಯದಲ್ಲಿ ೨೦೨೩ರಲ್ಲಿ ಡಿಜಿಟಲ್ ಕಥನಕ್ಕೆಂದೇ ಒಂದು ಸಂಶೋಧನ ಕೇಂದ್ರ ಪ್ರಾರಂಭವಾಯಿತು. ನಮ್ಮ ದೇಶದಲ್ಲಿ ಇಂದೋರಿನ ಐ.ಐ.ಟಿ.ಯ ವಿದ್ವಾಂಸರು ಭಾರತೀಯ ಎಲೆಕ್ಟ್ರಾನಿಕ್ ಸಾಹಿತ್ಯದ ಸಂಕಲನವೊಂದನ್ನು ಹೊರತಂದಿದ್ದಾರೆ.

ಈ ತರಗತಿಗಳಲ್ಲಿ ವಿದ್ಯಾರ್ಥಿಯು ಒಂದು ಕೃತಿಯ ಮುಂದೆ ಮೂರು ಪ್ರಶ್ನೆಗಳನ್ನು ಇಡಬೇಕಾಗುತ್ತದೆ. ದಾರಿಗಳು ಎಷ್ಟು, ನಾನು ನಡೆದದ್ದು ಯಾವುದು? ನಿಯಮ ಯಾವುದು, ಅದು ಏನನ್ನು ಹೇಳುತ್ತದೆ? ಯಂತ್ರ ಯಾವುದು, ಅದು ಹೋದರೆ ಕೃತಿಯಲ್ಲಿ ಏನು ಉಳಿಯುತ್ತದೆ? ಪರೀಕ್ಷೆಯಲ್ಲಿ ಪ್ರಬಂಧ ಬರೆಯುವುದರ ಜೊತೆಗೆ ತಾನೇ ಒಂದು ಕೃತಿಯನ್ನು ರಚಿಸಿ ತೋರಿಸುವ ಪದ್ಧತಿಯೂ ಉಂಟು.

ಮಕ್ಕಳನ್ನು ಸೇರಿಸುವ ಮೊದಲು ಹಿರಿಯರು ಕಾಲೇಜಿನಲ್ಲಿ ವಿಚಾರಿಸಬೇಕಾದ ನಾಲ್ಕು ಮಾತುಗಳನ್ನು ಇಲ್ಲಿಯೇ ಹೇಳಿಬಿಡುತ್ತೇವೆ. ಈ ವಿಷಯವು ಪದವಿಯ ಪಠ್ಯಕ್ರಮದಲ್ಲಿ ಪೂರ್ಣ ಪತ್ರಿಕೆಯೋ ಅಥವಾ ಒಂದು ಅಧ್ಯಾಯವೋ? ತರಗತಿಯಲ್ಲಿ ಕೃತಿಗಳನ್ನೇ ತೆರೆದು ಓದಿಸುತ್ತಾರೋ ಅಥವಾ ಅವುಗಳ ಬಗ್ಗೆ ಬರೆದ ಪುಸ್ತಕಗಳನ್ನು ಮಾತ್ರವೋ? ವಿದ್ಯಾರ್ಥಿ ರಚಿಸಿದ ಕೃತಿಗೆ ಅಂಕಗಳುಂಟೋ? ಕನ್ನಡದಲ್ಲಿಯೋ ಮರಾಠಿಯಲ್ಲಿಯೋ ರಚಿಸಿದರೆ ಒಪ್ಪುತ್ತಾರೋ? ಈ ನಾಲ್ಕಕ್ಕೂ ಸರಿಯಾದ ಉತ್ತರ ದೊರೆತರೆ ಫೀಸಿನ ಸಂಶಯಕ್ಕೂ ಉತ್ತರ ದೊರೆತಂತೆ. ದೊರೆಯದಿದ್ದರೆ, ಹುಡುಗನು ಸಾಹಿತ್ಯವನ್ನೋ ಗಣಕ ವಿಜ್ಞಾನವನ್ನೋ ಮುಖ್ಯವಾಗಿ ಓದುತ್ತ, ಇದನ್ನು ಬಿಡುವಿನಲ್ಲಿ ಅಭ್ಯಸಿಸುವುದು ಹಿತ.

೫. ಪುಣೆಯಲ್ಲಿ ನಡೆದ ಎರಡು ಕೆಲಸಗಳು

ನಾವು ದಿನವೂ ಬಸ್ಸಿನಲ್ಲಿ ದಾಟುವ ಈ ಊರಿನಲ್ಲಿಯೇ ಈ ಅಭ್ಯಾಸಕ್ಕೆ ಬೇಕಾದ ಎರಡು ದೊಡ್ಡ ಕೆಲಸಗಳು ನಡೆದಿವೆ.

ಒಂದು, ೧೯೧೭ರಲ್ಲಿ ಸ್ಥಾಪಿತವಾದ ಭಾಂಡಾರಕರ ಪ್ರಾಚ್ಯವಿದ್ಯಾ ಸಂಶೋಧನ ಮಂದಿರದ್ದು. ಮಹಾಭಾರತದ ಪ್ರತಿಗಳು ಪ್ರಾಂತಕ್ಕೊಂದು ಬಗೆಯಾಗಿದ್ದವು. ಅಲ್ಲಿನ ವಿದ್ವಾಂಸರು ೧೯೧೯ರಲ್ಲಿ ಕೆಲಸವನ್ನು ಕೈಗೊಂಡು, ೧,೨೫೯ ಹಸ್ತಪ್ರತಿಗಳನ್ನು ಹೋಲಿಸಿ, ೧೯೬೬ರಲ್ಲಿ ಪರಿಷ್ಕೃತ ಆವೃತ್ತಿಯನ್ನು ಮುಗಿಸಿದರು. ೧೯೨೫ರಿಂದ ೧೯೪೩ರಲ್ಲಿ ತೀರಿಕೊಳ್ಳುವ ವರೆಗೆ ವಿ. ಎಸ್. ಸುಖ್‌ಠಣಕರ್ ಅವರು ಇದರ ಪ್ರಧಾನ ಸಂಪಾದಕರಾಗಿದ್ದರು. ಪುಟದ ಮೇಲುಭಾಗದಲ್ಲಿ ನಿರ್ಣಯಿಸಿದ ಪಾಠ, ಕೆಳಗೆ ಪಾಠಭೇದಗಳು. ಒಂದು ಕೃತಿಗೆ ಅನೇಕ ರೂಪಗಳಿದ್ದರೆ ಒಂದನ್ನಿಟ್ಟುಕೊಂಡು ಉಳಿದವನ್ನು ಎಸೆಯಬಾರದು, ಎಲ್ಲವನ್ನೂ ದಾಖಲಿಸಬೇಕು ಎಂಬ ಶಿಸ್ತನ್ನು ಇಲ್ಲಿ ಕಾಣುತ್ತೇವೆ. ಯಂತ್ರದ ಕಥೆಗೂ ಇದೇ ಶಿಸ್ತು ಬೇಕು. ಹಸ್ತಪ್ರತಿಗಳಲ್ಲಿ ಭೇದಗಳು ಕಾಲಕ್ರಮದಲ್ಲಿ ಅನೇಕರ ಕೈಯಿಂದ ಸೇರಿಕೊಂಡವು. ಯಂತ್ರದ ಕಥೆಯಲ್ಲಿ ಲೇಖಕನೇ ಅವನ್ನು ಬೇಕೆಂದು ಇಟ್ಟಿರುತ್ತಾನೆ. ವ್ಯತ್ಯಾಸ ಇಷ್ಟೆ.

ಎರಡನೆಯದು ಅಕ್ಷರಗಳ ಕೆಲಸ. ೧೯೮೮ರಲ್ಲಿ ಕೇಂದ್ರ ಸರ್ಕಾರವು ಪುಣೆಯಲ್ಲಿ ಸಿ-ಡ್ಯಾಕ್ ಸಂಸ್ಥೆಯನ್ನು ಸ್ಥಾಪಿಸಿತು. ಗಣೇಶಖಿಂಡದ ವಿಶ್ವವಿದ್ಯಾನಿಲಯದ ಆವರಣದಲ್ಲಿ ಅದರ ಕೆಲಸ ನಡೆಯಿತು. ಕಾನಪುರದ ಐ.ಐ.ಟಿ.ಯಲ್ಲಿ ಮೊದಲಾಗಿದ್ದ, ಭಾರತೀಯ ಲಿಪಿಗಳನ್ನು ಯಂತ್ರದಲ್ಲಿ ಮೂಡಿಸುವ ‘ಜಿಸ್ಟ್’ ಎಂಬ ವಿಧಾನವು ಇಲ್ಲಿ ಬೆಳೆಯಿತು. ಯಂತ್ರವು ಅಕ್ಷರವನ್ನು ಅರಿಯದು, ಅಂಕವನ್ನು ಮಾತ್ರ ಅರಿಯುತ್ತದೆ. ಆದುದರಿಂದ ಒಂದೊಂದು ಅಕ್ಷರಕ್ಕೂ ಒಂದು ಅಂಕ ನಿಶ್ಚಯವಾಗಬೇಕು. ೧೯೯೧ರಲ್ಲಿ ಭಾರತೀಯ ಮಾನಕ ಸಂಸ್ಥೆಯು ‘ಇಸ್ಕಿ’ ಎಂಬ ಸಂಕೇತಕ್ರಮವನ್ನು ಪ್ರಕಟಿಸಿತು. ಅದರಲ್ಲಿ ಕನ್ನಡದ ‘ಕ’ಕ್ಕೂ ಮರಾಠಿಯ ‘ಕ’ಕ್ಕೂ ಒಂದೇ ಅಂಕ. ಅದೇ ವರ್ಷ ಬಂದ ಜಾಗತಿಕ ‘ಯೂನಿಕೋಡ್’ ಕ್ರಮದಲ್ಲಿ ಲಿಪಿಗೊಂದರಂತೆ ೧೨೮ ಮನೆಗಳ ಓಣಿಗಳು ದೊರೆತವು. ಓಣಿ ಬೇರೆಯಾದರೂ ಮನೆಗಳ ಸಾಲು ಇಸ್ಕಿಯ ಸಾಲನ್ನೇ ಅನುಸರಿಸಿತು. ದೇವನಾಗರಿಯ ‘ಕ’ ತನ್ನ ಓಣಿಯ ೨೨ನೆಯ ಮನೆಯಲ್ಲಿದೆ. ಕನ್ನಡದ ‘ಕ’ವೂ ತನ್ನ ಓಣಿಯ ೨೨ನೆಯ ಮನೆಯಲ್ಲಿಯೇ ಇದೆ. ಪುಣೆಯಲ್ಲಿ ಮರಾಠಿಗರ ನೆರೆಯಲ್ಲಿ ಬಾಳುವ ನಮಗೆ ಈ ಏರ್ಪಾಟು ಅರ್ಥವಾಗದೆ ಇರದು.

ಇದು ಸಾಹಿತ್ಯದ ವಿದ್ಯಾರ್ಥಿಗೆ ಏಕೆ ಬೇಕು? ‘ಸ್ತ್ರೀ’ ಎಂಬುದು ನಮ್ಮ ಕಣ್ಣಿಗೆ ಒಂದಕ್ಷರ. ಯಂತ್ರದಲ್ಲಿ ಅದು ಸ, ್, ತ, ್, ರ, ೀ ಎಂಬ ಆರು ಅಂಕಗಳ ಸರ. ಅಕ್ಷರಗಳು ಒಂದೊಂದಾಗಿ ಉದುರುವಂಥ ಕವಿತೆಗೆ ಇಂಗ್ಲಿಷಿನಲ್ಲಿ ಮಾಡಿದ ಏರ್ಪಾಟನ್ನು ಹಾಗೆಯೇ ಕನ್ನಡಕ್ಕೆ ಹಚ್ಚಿದರೆ, ಈ ಅಕ್ಷರವು ಆರು ಚೂರುಗಳಾಗಿ ಅರ್ಥಹೀನವಾಗುತ್ತದೆ. ಕನ್ನಡದಲ್ಲಿ ಅಕ್ಷರವೆಂದರೆ ಏನು ಎಂದು ಬಲ್ಲವರೇ ಇಂಥ ಕೃತಿಗಳನ್ನು ರಚಿಸಬೇಕು. ಇಂಗ್ಲಿಷಿನಲ್ಲಿ ಬಲ್ಲಿದರಾದವರಿಂದ ಮಾತ್ರ ಇದು ಆಗತಕ್ಕದ್ದಲ್ಲ.

೬. ಅಳಿಯುವುದು, ಉಳಿಯುವುದು

ಜೋಪಾನವಾಗಿಟ್ಟ ತಾಳೆಗರಿ ನೂರಾರು ವರ್ಷ ಬಾಳಬಲ್ಲದು. ಯಂತ್ರದಲ್ಲಿ ಹುಟ್ಟಿದ ಕೃತಿ ಹತ್ತಿಪ್ಪತ್ತು ವರ್ಷಗಳಲ್ಲಿಯೇ ಅಳಿಯಬಹುದು. ‘ಫ್ಲ್ಯಾಶ್’ ಎಂಬ ಸಾಧನದಲ್ಲಿ ಚಲಿಸುವ ಕವಿತೆಗಳೂ ಕಥೆಗಳೂ ಬಹಳ ರಚಿತವಾಗಿದ್ದವು. ೨೦೨೦ರ ಡಿಸೆಂಬರ್ ೩೧ಕ್ಕೆ ಅಡೋಬಿ ಕಂಪನಿಯು ಅದಕ್ಕೆ ಕೊಡುತ್ತಿದ್ದ ಬೆಂಬಲವನ್ನು ನಿಲ್ಲಿಸಿತು. ಆ ಕೃತಿಗಳು ಪರದೆಯ ಮೇಲೆ ತೆರೆಯದಾದವು. ‘ರಫಲ್’ ಎಂಬ ಸಾಧನವನ್ನು ಕಟ್ಟಿ ಅವುಗಳಲ್ಲಿ ಕೆಲವನ್ನು ಮತ್ತೆ ಎಬ್ಬಿಸಿದ್ದಾರೆ. ಅಮೆರಿಕದ ವಾಷಿಂಗ್ಟನ್ ರಾಜ್ಯ ವಿಶ್ವವಿದ್ಯಾನಿಲಯದ ವ್ಯಾಂಕೂವರ್ ಶಾಖೆಯಲ್ಲಿ ಡೀನ್ ಗ್ರಿಗರ್ ಅವರು ಹಳೆಯ ಗಣಕಯಂತ್ರಗಳನ್ನು ಸುಸ್ಥಿತಿಯಲ್ಲಿಟ್ಟು, ಅವುಗಳ ಮೇಲೆಯೇ ಹಳೆಯ ಕೃತಿಗಳನ್ನು ಗಟ್ಟಿಯಾಗಿ ಓದಿಸಿ, ಓದುವವರ ಕೈ, ಪರದೆ, ಧ್ವನಿ ಎಲ್ಲವನ್ನೂ ಚಿತ್ರೀಕರಿಸಿಡುವ ಕ್ರಮವನ್ನು ನಡೆಸಿಕೊಂಡು ಬಂದಿದ್ದಾರೆ. ಕೃತಿ ಸತ್ತರೂ ಒಂದು ಓದು ಉಳಿಯುತ್ತದೆ.

ಕನ್ನಡದ ನಷ್ಟ ಇನ್ನೂ ಸಮೀಪದ್ದು. ಯೂನಿಕೋಡ್ ಬಳಕೆಗೆ ಬರುವ ಮುಂಚೆ ಕನ್ನಡದ ಅಕ್ಷರಶೈಲಿಗಳು ತಮ್ಮತಮ್ಮದೇ ಸಂಕೇತಗಳನ್ನು ಬಳಸುತ್ತಿದ್ದವು. ಆ ಅಕ್ಷರಶೈಲಿ ಇಲ್ಲದ ಯಂತ್ರದಲ್ಲಿ ತೆರೆದರೆ ಬರಹವು ಇಂಗ್ಲಿಷ್ ಅಕ್ಷರಗಳ ಕಸದಂತೆ ಕಾಣುತ್ತದೆ. ಕಚೇರಿಯ ಕಾರಕೂನರಿಗೆ ಇದು ಚೆನ್ನಾಗಿ ಗೊತ್ತು. ಹಲವು ಸಂಘಗಳ ಕೈಬರಹದ ಪತ್ರಿಕೆಗಳು, ನಾಟಕಗಳು, ಸ್ಮರಣ ಸಂಚಿಕೆಗಳ ಲೇಖನಗಳು ಆ ಕಾಲದಲ್ಲಿ ಬೆರಳಚ್ಚಾಗಿ ಹಳೆಯ ಡಿಸ್ಕುಗಳಲ್ಲಿ ಬಿದ್ದಿವೆ. ತೆರೆಯುವವರಿಲ್ಲದಿದ್ದರೆ ಅವು ಇದ್ದೂ ಇಲ್ಲದಂತೆಯೇ.

ನಮ್ಮ ಪಾಲಿನ ಕೆಲಸ ಎಂದದ್ದು ಇದನ್ನೇ. ಕನ್ನಡದಲ್ಲಿ ಯಂತ್ರಜನ್ಯ ಕೃತಿಗಳು ಇಂಗ್ಲಿಷಿಗೆ ಹೋಲಿಸಿದರೆ ತೀರ ಕಡಿಮೆ. ಅವನ್ನು ರಚಿಸುವ ಮಕ್ಕಳು ನಮ್ಮ ಮನೆಗಳಿಂದಲೂ ಹೊರಡಬಹುದು. ಆ ಮಕ್ಕಳು ಬರೆಯಲು ಕಲಿಯುವುದರೊಳಗೆ ನಾವು ಉಳಿಸಲು ಕಲಿತಿರಬೇಕು. ಇದಕ್ಕೆ ಪದವಿ ಬೇಡ. ಹಳೆಯ ಕಡತವನ್ನು ಯೂನಿಕೋಡಿಗೆ ಪರಿವರ್ತಿಸುವುದು, ಮೂಲದೊಡನೆ ಒಂದೊಂದು ಸಾಲನ್ನೂ ತಾಳೆನೋಡುವುದು, ಬರೆದವರ ಹೆಸರು, ಊರು, ವರ್ಷಗಳನ್ನು ಗುರುತು ಹಾಕುವುದು, ಎರಡು ಕಡೆ ಪ್ರತಿ ಇಡುವುದು. ದಿನವೂ ಲೆಕ್ಕದ ಪುಸ್ತಕವನ್ನು ತಾಳೆನೋಡುವ ಕಾರಕೂನರಿಗೂ, ಯಂತ್ರದ ಬಿಡಿಭಾಗವನ್ನು ಅಳತೆಗೆ ಹಿಡಿದು ನೋಡುವ ಕಾರ್ಮಿಕರಿಗೂ ಇದಕ್ಕೆ ಬೇಕಾದ ತಾಳ್ಮೆ ಈಗಾಗಲೇ ಇದೆ. ಸುಖ್‌ಠಣಕರರ ಮಂದಿರದಲ್ಲಿ ನಡೆದ ಕೆಲಸವೂ ಮೂಲತಃ ತಾಳೆನೋಡುವ ಕೆಲಸವೇ ಆಗಿತ್ತು.

ಅಭ್ಯಾಸ

(೧) ನಾಲ್ಕು ಚೀಟಿಗಳ ಕಥೆಯ ಆರು ದಾರಿಗಳನ್ನು ಬರೆಯಿರಿ. ನಿಯಮ ಸೇರಿಸಿದ ಮೇಲೆ ಉಳಿಯುವ ಮೂರನ್ನು ಗುರುತಿಸಿರಿ.

(೨) ಐದನೆಯ ಚೀಟಿಯೊಂದನ್ನು ನಿಮ್ಮ ಅನುಭವದಿಂದ ಬರೆಯಿರಿ. ಯಾವ ಚೀಟಿಯ ಮುಂಚೆ ಅದನ್ನು ತೆರೆಯಕೂಡದು ಎಂಬ ಒಂದು ನಿಯಮವನ್ನೂ ಬರೆಯಿರಿ.

(೩) ‘ಕ್ಷ’, ‘ಜ್ಞಾ’, ‘ರಾಷ್ಟ್ರ’ ಇವು ಯಂತ್ರದಲ್ಲಿ ಎಷ್ಟೆಷ್ಟು ಅಂಕಗಳಾಗುತ್ತವೆ? ‘ಸ್ತ್ರೀ’ ಎಂಬುದನ್ನು ಬಿಡಿಸಿದಂತೆ ಬಿಡಿಸಿ ನೋಡಿರಿ.

(೪) ನಿಮ್ಮ ಮನೆಯಲ್ಲಿಯೋ ಸಂಘದಲ್ಲಿಯೋ ತೆರೆಯಲಾಗದ ಹಳೆಯ ಕನ್ನಡ ಕಡತ ಯಾವುದಾದರೂ ಇದೆಯೇ? ಇದ್ದರೆ ಅದನ್ನು ವಾಚನಾಲಯಕ್ಕೆ ತಂದು ತೋರಿಸಿರಿ. ಕೂಡಿ ಕುಳಿತು ತೆರೆದು ನೋಡೋಣ.